‘ಬಂದೆ’ ಎನ್ನದ ದನಿ

ಕಾರ್ಖಾನೆಯ ಯಂತ್ರಗಳಿಗೆ ಹೊಸ ಸಂಪರ್ಕಜಾಲ ಕಟ್ಟಿದ ಎಂಜಿನಿಯರ್ ಡಾಕ್ಟರ್ ಕುಮುದಾ ಹೇರೂರ ಕೊಡಲಿಯನ್ನು ಎರಡೂ ಕೈಯಲ್ಲಿ ಎತ್ತಿ, ನೆರೆದ ಕಾರ್ಮಿಕರ ಕಡೆ ಒಮ್ಮೆ ನೋಡಿ, ಗೋಡೆಯುದ್ದಕ್ಕೂ ಹಾದಿದ್ದ ಕಪ್ಪು ಕೇಬಲ್ಲಿನ ಮೇಲೆ ಬೀಸಿದರು. ಕೇಬಲ್ಲು ಎರಡು ತುಂಡಾಗಿ ಜೋತುಬಿತ್ತು. ಮುಂದೆ ನಿಂತಿದ್ದವರು ಕಿವಿ ಮುಚ್ಚಿಕೊಂಡರು. ನಾಗರಬಂಡಿ ಸಿಮೆಂಟು ಕಾರ್ಖಾನೆಯಲ್ಲಿ ಕೇಬಲ್ಲು ಕಡಿದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತೆರೆಗಳೆಲ್ಲ ಕಪ್ಪಾಗುತ್ತವೆ, ಎಚ್ಚರಿಕೆಯ ಭೋಂಗಾ ತಾನಾಗಿಯೇ ಕೂಗಿಕೊಳ್ಳುತ್ತದೆ, ಯಂತ್ರಗಳು ನಿಂತಲ್ಲೇ ನಿಲ್ಲುತ್ತವೆ, ಒಳಗಿದ್ದವರೆಲ್ಲ ಎದ್ದೆವೋ ಬಿದ್ದೆವೋ ಎಂದು ಹೊರಗೆ ಓಡಿ ಬರುತ್ತಾರೆ. ಆಮೇಲೆ ಅರ್ಧ ದಿನ ಬರೀ ಬೈಗುಳ.

ಈ ಸಲ ಏನೂ ಆಗಲಿಲ್ಲ. ಏನೆಂದರೆ ಏನೂ! ಭಟ್ಟಿ ತನ್ನ ಪಾಡಿಗೆ ತಾನು ಉರುಳುತ್ತಿತ್ತು, ಪಟ್ಟಿಗಳ ಮೇಲೆ ಕಲ್ಲು ಸಾಗುತ್ತಿತ್ತು, ಸುಣ್ಣದ ಧೂಳು ಎಂದಿನಂತೆ ಎಲ್ಲರ ಹುಬ್ಬಿನ ಮೇಲೂ ಕೂರುತ್ತಿತ್ತು.

ಗುಂಪಿನಲ್ಲಿ ಯಾರೋ ಕೆಮ್ಮಿದರು. ಲಾಡ್ಲೇಸಾಬನೇ ಇರಬೇಕೆಂದು ಜಗದೇವಿ ತಿರುಗಿ ನೋಡದೆಯೇ ತಿಳಿದಳು. ಕೆಮ್ಮದೆ ಮಾತು ಶುರು ಮಾಡುವ ಪೈಕಿ ಅವನಲ್ಲ.

“ಮೇಡಂ, ನೀವು ಕಡ್ದಿದ್ದು ಖರೇ ಕೇಬಲ್ಲೋ, ಗಾರುಡಿಗನ ಹಗ್ಗೋ?” ಎಂದು ಅವನು ಕೇಳಿದ. ಎಲ್ಲರೂ ನಕ್ಕರು.

“ಖರೇ ಕೇಬಲ್ಲೇ. ಬೇಕಾದರೆ ಮುಟ್ಟಿ ನೋಡಿ” ಎಂದು ಡಾಕ್ಟರ್ ಹೇರೂರ ಕೊಡಲಿ ಕೆಳಗಿಟ್ಟರು. “ನೋಡಿ, ಪ್ರತಿ ಯಂತ್ರದ ಪಕ್ಕದಲ್ಲೂ ಒಂದೊಂದು ಕಾವಲುಪೆಟ್ಟಿಗೆ ಕೂರಿಸಿದ್ದೇನೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೇಬಲ್ಲು. ಕೊನೆಯ ಪೆಟ್ಟಿಗೆಯಿಂದ ಮತ್ತೆ ಮೊದಲನೆಯದಕ್ಕೆ. ಒಟ್ಟಿನಲ್ಲಿ ಕಾರ್ಖಾನೆಗೆ ಒಂದು ಉಂಗುರ ತೊಡಿಸಿದ ಹಾಗೆ. ಯಾವ ಪೆಟ್ಟಿಗೆ ಏನು ಹೇಳುವುದಿದ್ದರೂ ಆ ಮಾತನ್ನು ಎರಡು ಪ್ರತಿ ಮಾಡಿ, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಕಳಿಸುತ್ತದೆ. ಎಲ್ಲೇ ಕಡಿದರೂ ಒಂದು ಪ್ರತಿ ಮುಟ್ಟಿಯೇ ಮುಟ್ಟುತ್ತದೆ.”

“ಅಂದ್ರ ಓಣಿಗಿ ಎರಡು ಬಾಯಿ ಇದ್ದಂಗ” ಎಂದ ಲಾಡ್ಲೇಸಾಬ. “ಈ ಕಡಿ ಯಾರರೆ ಮದವಿ ಹಂದರ ಹಾಕಿದ್ರ ಆ ಕಡಿಂದ ಮನಿಗಿ ಹೋಗೂದು.”

“ಅಷ್ಟೇ. ಹಳೆಯ ಜಾಲವೂ ಬೇರೆ ದಾರಿ ಹುಡುಕುತ್ತಿತ್ತು. ಆದರೆ ಕಡಿದದ್ದು ತಿಳಿದು, ದಾರಿ ಹುಡುಕಿ, ಮಾತು ತಿರುಗಿಸುವ ಹೊತ್ತಿಗೆ ಯಂತ್ರಗಳಿಗೆ ಗಾಬರಿಯಾಗುತ್ತಿತ್ತು. ಇಲ್ಲಿ ಹುಡುಕುವ ಮಾತೇ ಇಲ್ಲ. ಗಾಯ ಆದ ಗಳಿಗೆಯಲ್ಲೇ ವಾಸಿ. ಗಾಯ ಆಗಿದ್ದು ಮೈಗೂ ಗೊತ್ತಾಗುವುದಿಲ್ಲ!”

ಆ ಕೊನೆಯ ಮಾತನ್ನು ಅವರು ಬಹಳ ಹೆಮ್ಮೆಯಿಂದ ಹೇಳಿದರು. ಮುಂದೆ ಆ ಮಾತು ಅವರ ನಿದ್ದೆ ಕೆಡಿಸಲಿದೆಯೆಂದು ಆ ಹೊತ್ತಿಗೆ ಯಾರಿಗೆ ಗೊತ್ತಿತ್ತು?

ಇದೆಲ್ಲ ಕಲ್ಲಿದ್ದಲಿನ ಯುಗ ಮುಗಿದ ಮೇಲಿನ ಮಾತು. ಕಲಬುರಗಿ ಸೀಮೆಯ ಬಿಸಿಲನ್ನು ಕನ್ನಡಿ ಹೊಲಗಳು ಹಿಡಿದು ಭಟ್ಟಿಗಳಿಗೆ ಉಣಿಸುತ್ತಿದ್ದವು. ಹಿಂದೆ ಬಿಸಿಲಿಗೆ ಶಾಪ ಹಾಕುತ್ತಿದ್ದ ಜನ ಈಗ ಮೋಡ ಕಂಡರೆ ಶಾಪ ಹಾಕುತ್ತಿದ್ದರು. ಇಷ್ಟೆಲ್ಲ ಬದಲಾದರೂ ಬಿಸಿಗೋಪುರದ ಕೆಲಸ ಮಾತ್ರ ಬದಲಾಗಿರಲಿಲ್ಲ. ಕಾರ್ಖಾನೆಯ ಎಲ್ಲಕ್ಕಿಂತ ಎತ್ತರದ ಕಟ್ಟಡ ಅದು. ಮೇಲಿನಿಂದ ಸುಣ್ಣಕಲ್ಲಿನ ಪುಡಿ ಇಳಿಯುತ್ತದೆ, ಕೆಳಗಿನಿಂದ ಬಿಸಿಗಾಳಿ ಏರುತ್ತದೆ, ಪುಡಿ ಕಾದು ಕೆಂಪಾಗಿ ಭಟ್ಟಿಗೆ ಬೀಳುತ್ತದೆ. ಆಗಾಗ ಪುಡಿ ಗಂಟುಗಟ್ಟಿ ಗೋಪುರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಗೋಪುರ ನಿಲ್ಲಿಸಿ, ಒಬ್ಬರು ಒಳಹೊಕ್ಕು, ಕಬ್ಬಿಣದ ಸಲಾಕೆಯಿಂದ ಅದನ್ನು ಒಡೆಯಬೇಕು. ಯಂತ್ರಮಾನವರನ್ನೂ ಇಳಿಸಿ ನೋಡಿದ್ದರು. ಆ ಧೂಳಿಗೆ ಅವು ಕುರುಡಾಗಿ ಮೂಲೆ ಹಿಡಿದು ಕೂತವು.

ಒಳಗೆ ಹೋಗುವವರಿಗೆ ಹೊರಗೆ ಒಬ್ಬರು ಜೋಡಿ ಇರಬೇಕು. ಹೋಗುವವನು ಬಾಗಿಲಲ್ಲಿ ನಿಂತು ತನ್ನ ಬಾಯಿಂದ ‘ಹೋದೆ’ ಅನ್ನಬೇಕು. ಹೊರಗೆ ಬಂದ ಮೇಲೆ ಅದೇ ಬಾಯಿಂದ ‘ಬಂದೆ’ ಅನ್ನಬೇಕು. ಅವನ ಪರವಾಗಿ ಬೇರೆಯವರು ಹೇಳಿದರೆ ನಡೆಯದು. ಅಲ್ಲಿಯವರೆಗೆ ಯಾವ ಸಾಹೇಬ ಬಂದು ಕುಣಿದರೂ ಗೋಪುರ ಚಾಲೂ ಆಗುತ್ತಿರಲಿಲ್ಲ. ಹೊರಗಿನವರು ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟುಕೊಂಡು ಕಾಯುತ್ತಿದ್ದರು. ಧೂಳು ಕುಡಿದ ಗಂಟಲಿಗೆ ಬೆಲ್ಲವೇ ಮದ್ದು. ‘ಬಂದೆ’ ಎಂದ ಬಾಯಿಗೆ ಹೊರಗಿನವರೇ ಕೈಯಾರೆ ಬೆಲ್ಲ ಹಾಕಬೇಕು. ಕಟ್ಟೆಯ ಮೇಲೆ ಬೆಲ್ಲ ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ ಎಂದು ಆ ಕಾರ್ಖಾನೆಯ ಎಲ್ಲರಿಗೂ ಗೊತ್ತಿತ್ತು.

ಲಾಡ್ಲೇಸಾಬ ಒಳಗಿನವ, ಜಗದೇವಿ ಹೊರಗಿನಾಕೆ. ಅವಳು ಕೆಲಸಕ್ಕೆ ಸೇರಿದ ದಿನದಿಂದ ಅದೇ ಜೋಡಿ. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು. ಅವನು ಅವಳ ಬೆಲ್ಲಕ್ಕೆ ದಿನಾ ಹೆಸರಿಡುತ್ತಿದ್ದ. “ಇದೇನವಾ ಇಷ್ಟೇ ಸಣ್ಣದು? ಒಂದು ಇರುವಿಗೂ ಸಾಲೂದಿಲ್ಲ!” ಹಾಗೆ ಅನ್ನದ ದಿನ ಅವಳಿಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಡಾಕ್ಟರ್ ಹೇರೂರ ಉಂಗುರಕ್ಕೆ ನೇಮ ಮಾಡುವಾಗ ಈ ಪದ್ಧತಿಯನ್ನೇ ಎರವಲು ಪಡೆದರು. ಅವರಿಗೆ ಅದು ಬೇಕಾಗಿಯೂ ಇತ್ತು. ಉಂಗುರಕ್ಕೆ ತುದಿಯಿಲ್ಲವಲ್ಲ, ಒಮ್ಮೆ ಬಿಟ್ಟ ಮಾತು ನಿಲ್ಲಿಸುವವರಿಲ್ಲದಿದ್ದರೆ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಯಾರು ಆಡಿದರೋ ಅವರೇ ಆ ಮಾತನ್ನು ಅಳಿಸಬೇಕು ಎಂದು ಪೆಟ್ಟಿಗೆಗಳಿಗೆ ಕಲಿಸಿದರು. ಒಳಗೆ ಹೋಗುವವನ ‘ಹೋದೆ’ ಅವನ ದನಿಯಲ್ಲೇ ಉಂಗುರ ಸುತ್ತುತ್ತದೆ. ಬಾಗಿಲ ಪೆಟ್ಟಿಗೆಗೆ ಅವನದೇ ‘ಬಂದೆ’ ಕೇಳಿಸಿದಾಗ ಅಳಿಯುತ್ತದೆ. ಕರೆಂಟು ಹೋಗಲಿ, ಕೇಬಲ್ಲು ಕಡಿಯಲಿ, ಒಳಗಿದ್ದವನ ಮಾತು ಕಳೆಯಕೂಡದೆಂದು ಪ್ರತಿ ಪೆಟ್ಟಿಗೆಯೂ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಯಾರಾದರೂ ಗೋಪುರದ ಬಾಗಿಲು ಮುಟ್ಟಿದರೆ, ಇಲ್ಲವೆ ಚಾಲೂ ಗುಂಡಿ ಒತ್ತಿದರೆ, ಅದನ್ನೇ ಆಡಿ ಎಚ್ಚರಿಸುತ್ತದೆ. ಅವಸರದ ಸಾಹೇಬರು ನಡುವೆ ಕೈ ಹಾಕಿ ಅಳಿಸದ ಹಾಗೆ ಬೀಗವನ್ನೂ ಹಾಕಿದ್ದರು. ಕಾರ್ಮಿಕರು ಇದನ್ನು ಕೇಳಿ ಚಪ್ಪಾಳೆ ತಟ್ಟಿದರು.

ಯುಗಾದಿ ಕಳೆದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ ಗೋಪುರದ ಗಂಟಲು ಕಟ್ಟಿತು. ಲಾಡ್ಲೇಸಾಬ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಕೆಮ್ಮಿದ. “ನಾ ಲಾಡ್ಲೇಸಾಬ. ಒಳಗ ಹೋದೆ. ನಾ ಬರೂತನಕ ಚಾಲೂ ಮಾಡಬ್ಯಾಡ್ರಿ.” ಆಮೇಲೆ ಜಗದೇವಿಯ ಕಡೆ ನೋಡಿ, “ಇವತ್ತರೆ ಜರಾ ದೊಡ್ಡ ಚೂರು ಇಡವಾ” ಎಂದು ಒಳಗೆ ಹೋದ.

ಅವಳು ನಗುತ್ತ ದೊಡ್ಡ ಚೂರನ್ನೇ ಮುರಿದು ಕೈಯಲ್ಲಿ ಹಿಡಿದಳು. ಉಂಗುರ ಸರಿಯಿದೆಯೆಂದು ತೋರಿಸುವ ಎದುರಿನ ಕಂಬದ ದೀಪಗಳೆಲ್ಲ ಹಸಿರಾಗಿದ್ದವು. ಒಂದೂ ಮಿಟುಕಲಿಲ್ಲ. ಎಷ್ಟೋ ಹೊತ್ತು ಹಾಗೆಯೇ ಇತ್ತು. ಆಮೇಲೆ ಗೋಪುರದ ಹೊಟ್ಟೆಯೊಳಗಿಂದ ಮರಳಿನ ಲಾರಿ ಸುರಿದಂಥ ಸದ್ದು ಬಂತು, ಬಾಗಿಲು ಕೆಂಪು ಧೂಳು ಉಗುಳಿತು, ಅವಳು ಕಿರುಚುತ್ತ ಹಿಂದಕ್ಕೆ ಬಿದ್ದಳು. ಮೇಲಿನ ಅಂತಸ್ತಿನಲ್ಲಿ ತಡೆದು ನಿಂತಿದ್ದ ಕಾದ ಪುಡಿಯೆಲ್ಲ ಒಮ್ಮೆಲೇ ಕುಸಿದು ಬಂದಿತ್ತು. ಲಾಡ್ಲೇಸಾಬನನ್ನು ಹೊರಗೆ ತೆಗೆದಾಗ ಟೋಪಿ ಕರಗಿಹೋಗಿತ್ತು. ಜಗದೇವಿಯ ಮುಷ್ಟಿಯಲ್ಲಿ ಬೆಲ್ಲವೂ ಕರಗಿ ಬೆರಳ ಸಂದಿಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ನರ್ಸ್ ಅವಳ ಕೈ ತೊಳೆಯಲು ಹೋದರೆ ಮುಷ್ಟಿ ಬಿಚ್ಚಲೇ ಇಲ್ಲ.

ಅವನನ್ನು ಮಣ್ಣು ಮಾಡಿದರು. ಜನ ಅತ್ತರು, ಗೋಪುರಕ್ಕೆ ಬೀಗ ಬಿತ್ತು. ಮೇಲಿನ ಅಂತಸ್ತಿನಲ್ಲಿ ಕೇಬಲ್ಲು ಸುಟ್ಟಿದ್ದು ಆಮೇಲೆ ಕಂಡುಬಂತು. ಫಿಟ್ಟರ್‌ಗಳು ಹೊಸ ಕೇಬಲ್ಲು ಹಾಕಿ ತುದಿ ಜೋಡಿಸಿದರು. ಉಂಗುರ ಮತ್ತೆ ಪೂರ್ತಿಯಾಯಿತು. ಒಬ್ಬ ಫಿಟ್ಟರ್ ಕೆಳಗಿಳಿದು ಬಂದು ಬಾಗಿಲು ಮುಚ್ಚಲೆಂದು ಕೈ ಹಚ್ಚಿದ.

ಬಾಗಿಲ ಪೆಟ್ಟಿಗೆ ಕೆಮ್ಮಿತು. “ನಾ ಲಾಡ್ಲೇಸಾಬ. ಒಳಗ ಹೋದೆ. ನಾ ಬರೂತನಕ ಚಾಲೂ ಮಾಡಬ್ಯಾಡ್ರಿ.”

ಫಿಟ್ಟರ್ ಸಲಕರಣೆಗಳನ್ನು ಅಲ್ಲೇ ಬಿಸಾಡಿ ಓಡಿದವನು ಊರು ಮುಟ್ಟುವ ತನಕ ನಿಲ್ಲಲಿಲ್ಲವಂತೆ. ಅವನನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ದೆವ್ವವೂ ಅಲ್ಲ, ಭೂತವೂ ಅಲ್ಲ. ಪೆಟ್ಟಿಗೆಗಳು ಹೇಳಿದಂತೆ ಕೇಳುತ್ತಿದ್ದವು, ಅಷ್ಟೇ. ಒಬ್ಬ ಒಳಗೆ ಹೋಗಿದ್ದಾನೆ, ‘ಬಂದೆ’ ಎಂದಿಲ್ಲ, ಆದ್ದರಿಂದ ಇನ್ನೂ ಒಳಗಿದ್ದಾನೆ. ಕೇಬಲ್ಲು ಕಡಿದು ಸುತ್ತಲು ದಾರಿಯಿಲ್ಲದೆ ನೆನಪಿನಲ್ಲಿ ಸುಮ್ಮನೆ ಕೂತಿದ್ದ ಮಾತು, ಉಂಗುರ ಕೂಡಿದೊಡನೆ ಎದ್ದು ಸುತ್ತತೊಡಗಿತು. ಅಳಿಸಬೇಕಾದ ಬಾಯಿ ಮಣ್ಣಲ್ಲಿತ್ತು. ಇಷ್ಟನ್ನು ಡಾಕ್ಟರ್ ಹೇರೂರ ಬಂದು ಎಲ್ಲರಿಗೂ ಬಿಡಿಸಿ ಹೇಳಿದರು. ಜನ ತಲೆಯಾಡಿಸಿದರು. ಬಾಗಿಲ ಹತ್ತಿರ ಹೋಗುವಾಗ ಮಾತ್ರ ಚಪ್ಪಲಿ ಬಿಟ್ಟು ಹೋಗತೊಡಗಿದರು.

ವ್ಯವಸ್ಥಾಪಕ ಸೂಗೂರಯ್ಯನವರು ತಲೆ ಚಚ್ಚಿಕೊಂಡರು. ಚಾಲೂ ಗುಂಡಿ ಒತ್ತಿದರೆ ಸಾಕು, ಕಾರ್ಖಾನೆಯ ಅಷ್ಟೂ ಪೆಟ್ಟಿಗೆಗಳಿಂದ ಆ ಕೆಮ್ಮು, ಆ ಮಾತು. ಜಪ್ಪಯ್ಯ ಅಂದರೂ ಗೋಪುರ ಅಲುಗದು. ಗೋಪುರ ತಣ್ಣಗಾದರೆ ಭಟ್ಟಿಗೆ ಪುಡಿಯಿಲ್ಲ. ಅರ್ಧ ಕಾರ್ಖಾನೆ ಮನೆಯಲ್ಲಿ ಕೂತಿತು. ಉಳಿದವರನ್ನು ಗೋಪುರದ ಒಳಗೋಡೆಗೆ ಅಂಟಿದ್ದ ಗಟ್ಟಿ ಪುಡಿ ಕೆರೆಯುವ ಕೆಲಸಕ್ಕೆ ಹಚ್ಚಿದರು. ಆ ಗುಂಪಿನಲ್ಲಿ ಜಗದೇವಿಯ ತಮ್ಮ ಭೀಮಶಾನೂ ಇದ್ದ.

ಜಗದೇವಿಗೆ ಆಫೀಸಿನಲ್ಲಿ ಹಗುರ ಕೆಲಸ ಕೊಟ್ಟಿದ್ದರು. ದಿನಾ ಸಂಜೆ ಮನೆಗೆ ಹೋಗುವ ಮೊದಲು ಅವಳು ಗೋಪುರದ ಬಾಗಿಲಿಗೆ ಹೋಗಿ ಕೈ ಹಚ್ಚುತ್ತಿದ್ದಳು. ದನಿ ಕೇಳಿ, “ಹೌದು ಕಾಕಾ” ಎಂದು ಬರುತ್ತಿದ್ದಳು.

ಒಂದು ಸಂಜೆ ಡಾಕ್ಟರ್ ಹೇರೂರ ಅವಳ ಹಿಂದೆಯೇ ಬಂದು ಕಲ್ಲುಕಟ್ಟೆಯ ಮೇಲೆ ಕೂತರು. ಅವರ ಮುಖ ಇಳಿದುಹೋಗಿತ್ತು.

“ಜಗದೇವಿಯವರೇ, ನಿಮಗೊಂದು ವಿಷಯ ಹೇಳಲೇಬೇಕು” ಎಂದರು. “ಆವತ್ತು ಕಾದ ಪುಡಿ ಮೊದಲು ಸೋರಿದ್ದು ಮೇಲಿನ ಅಂತಸ್ತಿನಲ್ಲಿ. ಅಲ್ಲಿಯ ಕೇಬಲ್ಲನ್ನು ಸುಟ್ಟಿತು. ಅದಾಗಿ ಎಷ್ಟೋ ಹೊತ್ತಿನ ಮೇಲೆ ಪೂರ್ತಿ ಕುಸಿಯಿತು. ಒಬ್ಬ ಮನುಷ್ಯ ಇಳಿದು ಹೊರಗೆ ಬಂದು ಕೂರುವಷ್ಟು ಹೊತ್ತು.”

ಜಗದೇವಿ ಬಾಗಿಲಿಂದ ಕೈ ತೆಗೆದು ಅವರ ಕಡೆ ತಿರುಗಿದಳು.

“ಹಳೆಯ ಜಾಲವಾಗಿದ್ದರೆ ಕೇಬಲ್ಲು ಸುಟ್ಟ ಕೂಡಲೇ ಭೋಂಗಾ ಕೂಗುತ್ತಿತ್ತು. ಎಲ್ಲರೂ ಬೈದುಕೊಂಡು ಓಡಿ ಬರುತ್ತಿದ್ದರು. ಲಾಡ್ಲೇಸಾಬರೂ ಬರುತ್ತಿದ್ದರು. ನನ್ನ ಉಂಗುರ ತಡವರಿಸಲೇ ಇಲ್ಲ. ಒಂದು ದೀಪ ಕೂಡ ಮಿಟುಕಲಿಲ್ಲ.”

“ಹಸಿರೇ ಇತ್ತು” ಎಂದಳು ಜಗದೇವಿ. “ನಾ ನೋಡ್ಕೋತೇ ಕುಂತಿದ್ದೆ.”

ಜಗದೇವಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಡಾಕ್ಟರ್ ಕಟ್ಟೆಯ ಮೇಲಿನ ಧೂಳನ್ನು ಅಂಗೈಯಿಂದ ಮತ್ತೆ ಮತ್ತೆ ಒರೆಸುತ್ತಿದ್ದುದು ಕಂಡಿತು, ಸಿಟ್ಟು ಅಲ್ಲಿಗೇ ಇಳಿಯಿತು.

“ಆ ಮಾತನ್ನು ನಾನೂ ನೇರವಾಗಿ ಅಳಿಸಲಾರೆ. ಪೆಟ್ಟಿಗೆ ಪೆಟ್ಟಿಗೆಗೂ ಹೋಗಿ ಬೀಗ ತೆಗೆದು ನೇಮ ಮಾತ್ರ ತಿದ್ದಿದ್ದೇನೆ” ಎಂದು ಡಾಕ್ಟರ್ ಮುಂದುವರಿಸಿದರು. “ಒಳಗಿನವರಿಗೆ ಬಾಯಿಲ್ಲದಿದ್ದರೆ ಅವರ ಹೊರಗಿನ ಜೋಡಿ ಹೇಳಬಹುದು. ಬೇರೆ ಯಾರೂ ಅಲ್ಲ. ಅಂದರೆ ನೀವು. ‘ಲಾಡ್ಲೇಸಾಬ ಬಂದಾನ’ ಅಂದರೆ ಸಾಕು.”

“ಬರಲಾರದಂವನ್ನ ಬಂದಾನ ಅಂತ ನಾ ಹ್ಯಾಂಗ ಅನ್ಲಿ ಮೇಡಂ?” ಎಂದಳು ಜಗದೇವಿ. “ಇಷ್ಟು ವರ್ಷ ಈ ಕಟ್ಟಿ ಮ್ಯಾಲ ಕುಂತು ಒಂದು ಸುಳ್ಳ ಹೇಳಿಲ್ಲ ನಾ.”

ಡಾಕ್ಟರ್ ಒತ್ತಾಯ ಮಾಡಲಿಲ್ಲ. ಸೂಗೂರಯ್ಯನವರು ಮಾಡಿದರು, ಅವಳು ಜಗ್ಗಲಿಲ್ಲ. ಮನೆಯಲ್ಲಿ ಕೂತ ಜನರ ಹೆಂಡಿರು ಬಂದು ಕೈ ಹಿಡಿದುಕೊಂಡರು. ಅವಳಿಗೂ ಅಳು ಬಂತು, ಆದರೆ ಬಾಯಿ ಬರಲಿಲ್ಲ. ಕೊನೆಗೆ ಅವಳ ಮನಸ್ಸು ತಿರುಗಿಸಿದ್ದು ಯಾರೋ ಮುದುಕ ಹಾದಿಯಲ್ಲಿ ಆಡಿದ ಒಂದು ಮಾತು. “ಸತ್ತರೂ ಡ್ಯೂಟಿ ಬಿಡವಲ್ಲನಲ್ಲ ನಮ್ಮ ಲಾಡ್ಲೇ!” ಎಂದು ಅವನು ಅಭಿಮಾನದಿಂದಲೇ ಅಂದಿದ್ದ. ನಡೆಯುತ್ತಿದ್ದ ಜಗದೇವಿ ಅಲ್ಲೇ ನಿಂತಳು. ಹೌದಲ್ಲ! ತಾನು ದಿನಾ ಬಾಗಿಲು ಮುಟ್ಟಿ ಅವನನ್ನು ಎಬ್ಬಿಸುತ್ತಿದ್ದೇನೆ. ಅವನು ಆ ಕತ್ತಲಲ್ಲಿ ಅದೇ ಮಾತು ಹೇಳುತ್ತ ನಿಂತೇ ಇದ್ದಾನೆ. ಗಂಟಲಿಗೆ ಒಂದು ಚೂರು ಬೆಲ್ಲವೂ ಇಲ್ಲ.

ಮರುದಿನವೇ ಅವಳು ನಿಯಂತ್ರಣ ಕೋಣೆಗೆ ಹೋದಳು. ಬರುವ ಹಾದಿಯಲ್ಲಿ ಅಂಗಡಿಯಿಂದ ಒಂದು ದೊಡ್ಡ ಚೂರು ಬೆಲ್ಲ ತಂದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಆಕಾಶದ ಒಂದು ಮಗ್ಗುಲಿಂದ ಮೋಡ ಏರುತ್ತಿತ್ತು. ಮೋಡ ಕವಿಯುವುದರೊಳಗೆ ಕನ್ನಡಿ ಹೊಲದ ಬಿಸಿ ಹಿಡಿದು ಗೋಪುರಕ್ಕೆ ಬಿಸಿಗಾಳಿ ಊದಿಸಬೇಕೆಂದು ಸೂಗೂರಯ್ಯನವರು ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದರು.

ಡಾಕ್ಟರ್ ಹೇರೂರ ಮೈಕನ್ನು ಅವಳ ಮುಂದೆ ಇಟ್ಟರು.

“ನಾ ಜಗದೇವಿ” ಎಂದಳು ಅವಳು. “ಲಾಡ್ಲೇಸಾಬನ ಹೊರಗಿನ ಜೋಡಿ. ಲಾಡ್ಲೇಸಾಬ...” ಸೆರಗಿನ ಗಂಟನ್ನು ಮುಟ್ಟಿಕೊಂಡಳು. “ಲಾಡ್ಲೇಸಾಬ ಬಂದಾನ.”

ತೆರೆಯ ಮೇಲೆ ಇಷ್ಟು ದಿನ ಕೆಂಪಾಗಿದ್ದ ಚುಕ್ಕೆ ಹಸಿರಾಯಿತು. ಬಲಕ್ಕೆ ಹೋಗುತ್ತಿದ್ದ ಪ್ರತಿ ಅಳಿಯಿತು, ಎಡಕ್ಕೆ ಹೋಗುತ್ತಿದ್ದ ಪ್ರತಿಯೂ ಅಳಿಯಿತು. ಸೂಗೂರಯ್ಯನವರು ಉಸಿರು ಬಿಟ್ಟು ಗುಂಡಿಯ ಕಡೆ ಕೈ ಚಾಚಿದರು.

“ಜರಾ ತಡೀರಿ ಸಾಹೇಬ್ರ. ಅಂವಗ ಬೆಲ್ಲ ಕೊಟ್ಟು ಬರ್ತೀನಿ” ಎಂದಳು ಜಗದೇವಿ.

“ಆತು ತಂಗಿ, ಹೋಗಿ ಬಾ. ಭೋಂಗಾ ಶುರು ಮಾಡಸ್ತೀನಿ. ಮೂರನೇದು ಆದ ಮ್ಯಾಲೇ ಗಾಳಿ ಬಿಡೋದು, ಅಷ್ಟರಾಗ ನೀ ಬಾಗಲ ಬಿಟ್ಟು ಬಂದಿರ್ತೀ. ಒಳಗಂತೂ ಯಾರೂ ಇಲ್ಲಲ್ಲ, ಎಲ್ಲಾ ಹಸಿರದ.”

ಅವಳು ಹೊರಗೆ ಬಂದು ಅಂಗಳ ದಾಟುವಾಗ ಮೊದಲ ಭೋಂಗಾ ಕೂಗಿತು. ಎಷ್ಟೋ ತಿಂಗಳ ಮೇಲೆ ಅದನ್ನು ಕೇಳಿದ ಜನ ಶೆಡ್ಡುಗಳಿಂದ ಹೊರಬಂದು ಕೈಯೆತ್ತಿ ಕೇಕೆ ಹಾಕಿದರು. ಜಗದೇವಿ ಸೆರಗಿನ ಗಂಟು ಬಿಚ್ಚುತ್ತ ಬಾಗಿಲ ಹತ್ತಿರ ಬಂದು, ಬೆಲ್ಲ ಇಡಲು ಕಟ್ಟೆಗೆ ಬಗ್ಗಿದಳು.

ಕಟ್ಟೆಯ ಮೇಲೆ ಆಗಲೇ ಒಂದು ಚೂರು ಬೆಲ್ಲ ಇತ್ತು.

ಯಾರೋ ಕಾಕಾನ ಹೆಸರಲ್ಲಿ ಇಟ್ಟಿರಬೇಕು ಎಂದು ಒಂದು ಗಳಿಗೆ ಅಂದುಕೊಂಡಳು. ಆದರೆ ಬೆಲ್ಲ ಈಗಷ್ಟೇ ಮುರಿದದ್ದು, ಇರುವೆ ಕೂಡ ಮುತ್ತಿರಲಿಲ್ಲ. ಅದರ ಪಕ್ಕದಲ್ಲಿ ಮಡಚಿಟ್ಟ ಹಳದಿ ಟವೆಲ್ಲು. ಅದನ್ನು ಅವಳೇ ಭೀಮಶಾನಿಗೆ ಕೊಡಿಸಿದ್ದಳು.

ಅವಳು ಬಾಗಿಲಿಗೆ ಕೈ ಬಡಿದಳು. ಪೆಟ್ಟಿಗೆ ಮಾತಾಡಲಿಲ್ಲ. ಇಷ್ಟು ದಿನ ಮುಟ್ಟಿದರೆ ಸಾಕು ಕೆಮ್ಮುತ್ತಿದ್ದ ಬಾಗಿಲು ಬಾಯಿ ಮುಚ್ಚಿಕೊಂಡಿತ್ತು. ಅದರ ಬಾಯಿ ಮುಚ್ಚಿಸಿದವಳು ತಾನೇ! “ತಮ್ಮಾ! ಭೀಮಶಾ!” ಎಂದು ಕೂಗಿದಳು. ಎರಡನೆಯ ಭೋಂಗಾ ಎದ್ದು ಅವಳ ಕೂಗನ್ನು ನುಂಗಿತು. ಜನ ಇನ್ನೂ ಕೇಕೆ ಹಾಕುತ್ತಿದ್ದರು. ನಿಯಂತ್ರಣ ಕೋಣೆಗೆ ಓಡಿ ಹೋಗಿ ಹೇಳುವಷ್ಟು ಹೊತ್ತಿರಲಿಲ್ಲ. ಗಾಳಿ ಊದಿದರೆ ಮೇಲೆ ಕೆರೆದು ಸಡಿಲ ಮಾಡಿದ ಗಟ್ಟಿಗಳೆಲ್ಲ ಅವನ ತಲೆಯ ಮೇಲೆ.

ಅವಳು ಪೆಟ್ಟಿಗೆಯ ಜಾಲರಿಗೆ ಬಾಯಿ ಹಚ್ಚಿದಳು.

“ನಾ ಜಗದೇವಿ! ಒಳಗ ಹೋದೆ! ನಾ ಬರೂತನಕ ಚಾಲೂ ಮಾಡಬ್ಯಾಡ್ರಿ!”

ಹಾಗೆ ಹೇಳಿ ನಿಲ್ಲಲಿಲ್ಲ. ಆ ಕಟ್ಟೆಯ ಮೇಲೆ ಕೂತು ಸುಳ್ಳು ಹೇಳುವುದು ಅವಳಿಂದ ಈಗಲೂ ಆಗಲಿಲ್ಲ. ಬಾಗಿಲು ತಳ್ಳಿ, ಎಂದೂ ದಾಟದ ಆ ಹೊಸ್ತಿಲು ದಾಟಿ ಒಳಗೆ ಹೋದಳು.

ಅವಳ ಮಾತು ಎರಡು ಪ್ರತಿಯಾಗಿ ಎರಡು ಕಡೆ ಓಡಿತು. ಕಣ್ಣು ಮಿಟುಕಿಸುವುದರೊಳಗೆ ಕಾರ್ಖಾನೆಯ ಎಲ್ಲ ಪೆಟ್ಟಿಗೆಗಳೂ ಅವಳ ದನಿಯಲ್ಲಿ ಕಿರುಚಿದವು. ಮೂರನೆಯ ಭೋಂಗಾ ಕೂಗಲಿಲ್ಲ.

ಒಳಗೆ ಕತ್ತಲು, ಸುಟ್ಟ ಸುಣ್ಣದ ವಾಸನೆ. ಅವಳು ಗೋಡೆ ತಡವುತ್ತ ನಿಂತಳು. ಇಷ್ಟು ವರ್ಷ ಕಾಕಾ ಬಂದು ನಿಲ್ಲುತ್ತಿದ್ದ ಜಾಗ ಇದು. ಎಲ್ಲಿ ಕೆಮ್ಮು ಕೇಳಿಬಿಡುತ್ತದೋ ಎಂದು ಕಿವಿ ಕಾಯುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ, “ಅಕ್ಕಾ? ನೀ ಯಾಕ ಒಳಗ ಬಂದಿ?” ಎಂಬ ದನಿ ಇಳಿಯಿತು. ಅವನು ಇಳಿದು ಬಂದೊಡನೆ ಅವಳು ಅವನ ರಟ್ಟೆ ಹಿಡಿದು ಹೊರಗೆಳೆದಳು.

ಹೊರಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ತಮ್ಮನ ಕಪಾಳಕ್ಕೆ ಒಂದು ಬಿಗಿದದ್ದು. ಅಷ್ಟು ಹೊತ್ತಿಗೆ ಎಲ್ಲರೂ ಓಡಿ ಬಂದಿದ್ದರು. ಭೀಮಶಾನ ಹೊರಗಿನ ಜೋಡಿ ಮರೆಪ್ಪನೂ ಬಂದ, ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ.

“‘ಹೋದೆ’ ಅಂತ ಯಾಕೆ ಹೇಳಲಿಲ್ಲ?” ಎಂದು ಡಾಕ್ಟರ್ ಹೇರೂರ ಏದುಸಿರು ಬಿಡುತ್ತ ಕೇಳಿದರು. “ನೀವು ಹೇಳಿದ್ದರೆ ಉಂಗುರ ಬಿಡುತ್ತಲೇ ಇರಲಿಲ್ಲ!”

ಭೀಮಶಾ ಕೆನ್ನೆ ಸವರಿಕೊಳ್ಳುತ್ತ ತಲೆ ತಗ್ಗಿಸಿದ. “ಬಾಗಲಕ್ಕ ಕೈ ಹಚ್ಚಿದ್ರ ಕಾಕಾ ಮಾತಾಡತಿದ್ದನಲ್ರೀ. ಹಿರೀ ಮನಿಷ್ಯಾ ಮಾತಾಡೂ ಮುಂದ ನಡುವ ನಾ ಹ್ಯಾಂಗ ಬಾಯಿ ಹಾಕ್ಲಿ? ‘ಹೌದು ಕಾಕಾ, ಜರಾ ನೋಡ್ಕೋ’ ಅಂದು ಹೋಗ್ತಿದ್ದೆ. ಇವತ್ತೂ ಭೋಂಗಾ ಕೇಳ್ತು, ಖರೆ ಕಾಕಾ ಚಾಲೂ ಮಾಡಗೊಡೂದಿಲ್ಲ ಅಂತ ಇಳೀಲಿಲ್ಲ. ನಾನೊಬ್ಬನೇ ಅಲ್ರೀ, ನಾವೆಲ್ಲಾ ಹಂಗೇ.”

“ನಾವು ಹೇಳಿದ್ದು ನಾವು ಬಂದ ಕೂಡ್ಲೇ ಅಳಿಸಿ ಹೋಗ್ತಿತ್ರೀ” ಎಂದ ಮರೆಪ್ಪ. “ಅಂವಂದು ಅಳಿಯೂದೇ ಇಲ್ಲ. ಅದಕ್ಕಿಂತ ಗಟ್ಟಿ ಕಾವಲು ಯಾವುದದ ಅಂತ ನಾನೂ ಚಾ ಕುಡಿಲಿಕ್ಕ ಹೋಗಿದ್ದೆ.”

ಡಾಕ್ಟರ್ ಹೇರೂರ ಕಟ್ಟೆಯ ಮೇಲೆ ಕೂತುಬಿಟ್ಟರು. ಎಲ್ಲ ತಪ್ಪುಗಳನ್ನೂ ಎಣಿಸಿ ಅವರು ಉಂಗುರ ಕಟ್ಟಿದ್ದರು. ಇಲಿ ಕಡಿದರೆ, ಬೆಂಕಿ ಬಿದ್ದರೆ, ಸಿಡಿಲು ಹೊಡೆದರೆ ಏನಾಗಬೇಕೆಂದು ಪೆಟ್ಟಿಗೆಗಳಿಗೆ ಕಲಿಸಿದ್ದರು. ಸತ್ತವನನ್ನು ಕಾವಲಿಗೆ ನಿಲ್ಲಿಸಿ ಜನ ನಿಶ್ಚಿಂತೆಯಿಂದ ಒಳಗೆ ಹೋಗುತ್ತಾರೆಂದು ಅವರ ಎಣಿಕೆಯಲ್ಲಿ ಎಲ್ಲೂ ಇರಲಿಲ್ಲ.

ಜಗದೇವಿ ಕಟ್ಟೆಯ ಮೇಲಿದ್ದ ಬೆಲ್ಲ ತೆಗೆದು ತಮ್ಮನ ಬಾಯಿಗೆ ಹಾಕಿದಳು. ಆಮೇಲೆ ತನ್ನ ಮುಷ್ಟಿ ನೋಡಿಕೊಂಡಳು. ಕಾಕಾನ ಚೂರು ಅಲ್ಲೇ ಇತ್ತು, ಅಷ್ಟೆಲ್ಲ ಓಡಾಟದಲ್ಲೂ ಬಿದ್ದಿರಲಿಲ್ಲ.

“ಜಗದೇವಿ” ಎಂದರು ಸೂಗೂರಯ್ಯನವರು, ಬಹಳ ಮೆತ್ತಗೆ. “ನಿನ್ನ ಮಾತು ಸುತ್ತಲಿಕತ್ತದವ್ವಾ. ನೀನೇ ಅಳಸಬೇಕು.”

ಯುಗಾದಿ ಕಳೆದ ಆ ಮಧ್ಯಾಹ್ನದಿಂದ ತಾನು ಈ ಗೋಪುರದ ಒಳಗೇ ಇದ್ದೆನೆಂದು ಅವಳಿಗೆ ಈಗ ಅನ್ನಿಸಿತು. ಊಟ ಮಾಡಿದ್ದು, ಮಲಗಿದ್ದು, ಆಫೀಸಿನಲ್ಲಿ ಕೂತದ್ದು ಎಲ್ಲ ಅದರೊಳಗೇ. ತನಗಾಗಿ ಕಟ್ಟೆಯ ಮೇಲೆ ಕಾಯುತ್ತ ಕೂತವರು ಯಾರಿದ್ದರು? ಅವಳು ಮುಷ್ಟಿ ಬಿಚ್ಚಿದಳು. ಆ ಬೆಲ್ಲವನ್ನು ಡಾಕ್ಟರ್ ಹೇರೂರರ ಕೈಗೆ ಕೊಟ್ಟು, ಬಾಗಿಲ ಪೆಟ್ಟಿಗೆಯ ಹತ್ತಿರ ಬಗ್ಗಿದಳು.

“ನಾ ಜಗದೇವಿ” ಎಂದಳು. “ಬಂದೆ.”

ಡಾಕ್ಟರ್ ಹೇರೂರ ಎದ್ದು ಬಂದು ಬೆಲ್ಲವನ್ನು ಅವಳ ಬಾಯಿಗೆ ಹಾಕಿದರು. ಆಗ ಅವಳು ಅತ್ತಳು. ಕಾಕಾನನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ.

ಡಾಕ್ಟರ್ ಊರಿಗೆ ಹೊರಡುವ ದಿನ ಜಗದೇವಿ ಅವರನ್ನು ಕೇಳಿಕೊಂಡದ್ದು ಒಂದೇ. “ನಿಮ್ಮ ಉಂಗುರ ಭಾಳ ಗಟ್ಟಿ ಅದ ಮೇಡಂ. ಅದು ನಿಲ್ಲೂದು ಬ್ಯಾಡ. ಖರೆ, ಎಲ್ಲ್ಯರೆ ಗಾಯ ಆದ್ರ ಒಂದು ಸಲ ಕೆಮ್ಮಲಿ. ನಮಗ ಗೊತ್ತಾಗಲಿ.”

ಅವರು ಹಾಗೆಯೇ ಮಾಡಿದರು. ಈಗ ಕೇಬಲ್ಲು ಕಡಿದರೆ ಉಂಗುರ ಎಂದಿನಂತೆ ಕ್ಷಣದಲ್ಲಿ ವಾಸಿಯಾಗುತ್ತದೆ, ಯಂತ್ರ ನಿಲ್ಲುವುದಿಲ್ಲ. ಆದರೆ ಎಲ್ಲ ಪೆಟ್ಟಿಗೆಗಳೂ ಒಮ್ಮೆ ಕೆಮ್ಮುತ್ತವೆ. ಅದನ್ನು ಕೇಳಿದರೆ ಒಳಗಿದ್ದವರು ಸಲಾಕೆ ಬಿಟ್ಟು ಹೊರಗೆ ಬರಬೇಕು.

ಮೊದಲ ಸಲ ಅದು ಕೆಮ್ಮಿದ್ದು ಒಂದು ಮಧ್ಯಾಹ್ನ. ಅಂಗಳದಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು. ಜಗದೇವಿ ಮತ್ತೆ ಹೊರಗಿನಾಕೆಯಾಗಿ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಕೈ ತಾನಾಗಿಯೇ ಬೆಲ್ಲದ ಮೇಲೆ ಹೋಯಿತು. ಆ ಸಂಜೆ ಅವಳು ಡಾಕ್ಟರ್ ಹೇರೂರರಿಗೆ ಫೋನು ಮಾಡಿ, ಯಾರ ಕೆಮ್ಮು ಹಾಕಿದ್ದೀರಿ ಎಂದು ಕೇಳಿದಳು.

“ಯಾರದ್ದೂ ಅಲ್ಲ” ಎಂದರು ಅವರು. “ಲಾಡ್ಲೇಸಾಬರ ದನಿ ಅಳಿಸಿಹೋಯಿತಲ್ಲ, ನನ್ನ ಹತ್ತಿರ ಒಂದು ಪ್ರತಿಯೂ ಉಳಿಯಲಿಲ್ಲ. ಇದು ನಾನು ಯಂತ್ರದಲ್ಲಿ ಮಾಡಿದ ಸದ್ದು. ಯಾಕೆ?”

“ಏನಿಲ್ರೀ” ಎಂದು ಜಗದೇವಿ ಫೋನು ಇಟ್ಟಳು.

ಆ ಮಧ್ಯಾಹ್ನ, ಕೆಮ್ಮು ಕೇಳಿದೊಡನೆ ಭೀಮಶಾ ಹೊರಗೆ ಬಂದಿದ್ದ, ಅವನ ಹಿಂದೆ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ಒಬ್ಬೊಬ್ಬರೂ ತಮ್ಮ ತಮ್ಮ ಬಾಯಿಂದ ‘ಬಂದೆ’ ಎಂದಿದ್ದರು. ಅವಳು ಎಲ್ಲರಿಗೂ ಬೆಲ್ಲ ಹಾಕಿದ್ದಳು. ಅವರೆಲ್ಲ ನೆರಳಿಗೆ ಹೋದ ಮೇಲೆ ಒಬ್ಬಳೇ ನಿಂತು ಬಾಗಿಲಿಗೆ ಅಂಗೈ ಹಚ್ಚಿದ್ದಳು. ಪೆಟ್ಟಿಗೆ ಏನೂ ಅಂದಿರಲಿಲ್ಲ.

“ಎಲ್ಲಾರೂ ಬಂದಾರ, ಕಾಕಾ” ಎಂದು ಅವಳೇ ಹೇಳಿದ್ದಳು.